ಒಂದು ಮೊಳ ದೂರದ ಹಸಿರು ಬಟನ್

ನಾನು ನನ್ನ ಹೆಂಡತಿಗೆ ಮೂಗಿನಿಂದ ಫೋನ್ ಮಾಡಿದವನು. ನಂಬದೆ ಇರುವ ಧೈರ್ಯ ನಿಮಗಿದ್ದರೆ ನಂಬದೆ ಇದ್ದು ತೋರಿಸಿ. ಉಪ್ಪುಂದದಿಂದ ಗಂಗೊಳ್ಳಿಯವರೆಗೆ ನನ್ನ ಮಾತು ನಂಬುವುದಿಲ್ಲ ಎಂದು ಆಣೆ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಕೊನೆಯವರೆಗೆ ಆ ಆಣೆ ಉಳಿಸಿಕೊಂಡವನು ಒಬ್ಬನೂ ಇಲ್ಲ.

ಹೆಸರು ಶೀನ. ನಲವತ್ತು ವರ್ಷ ಮೀನಿನ ಬೋಟಿನಲ್ಲಿ ದುಡಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ತಂಡೇಲ, ಅಂದರೆ ಬೋಟು ನಡೆಸುವವನು. ಮೀನು ಎಲ್ಲಿ ಸಿಕ್ಕಿತೆಂದು ಬೇರೆ ಬೋಟಿನವರು ವೈರ್‌ಲೆಸ್ಸಿನಲ್ಲಿ ಕೇಳಿದರೆ ಬೇರೆ ದಿಕ್ಕು ಹೇಳುತ್ತಿದ್ದೆ. ಹಗ್ಗ ಬಿಚ್ಚದೆ ಹೊರಟ ಬೋಟಿನ ಹಿಂದೆ ಇನ್ನೊಂದು ಬೋಟು ಎಳೆದುಕೊಂಡು ಹೋದದ್ದು ಬಂದರಿನವರಿಗೆಲ್ಲ ನೆನಪಿದೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಕೈ ಇದೇ. ಈಗ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ದಿನಕ್ಕೆ ಅರ್ಧ ಪುಟ ಬರೆಯುವುದೂ ಇದೇ ಕೈ.

ಆ ದಿನ ಮಳೆಗಾಲಕ್ಕೆ ಇನ್ನೂ ಕೆಲವು ವಾರ ಇತ್ತು. ಗುಲಾಬಿ, ಅಂದರೆ ನನ್ನ ಹೆಂಡತಿ, ಬೈಂದೂರು ಮಾರ್ಕೆಟ್ಟಿಗೆ ಮೀನು ಮಾರಲು ಹೋಗಿದ್ದಳು. ನಾನು ಜಗಲಿಯಲ್ಲಿ ಕೂತು ಬಲೆಯ ಹರಕು ಹೊಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಜಗಲಿ ಒಂದು ಬದಿಗೆ ವಾಲಿತು. ಬಿರುಗಾಳಿಯಲ್ಲಿ ಒಂದು ದಿನವೂ ವಾಂತಿ ಮಾಡದ ನಾನು ನನ್ನದೇ ಮನೆಯ ಜಗಲಿಯಲ್ಲಿ ವಾಂತಿ ಮಾಡಿದೆ. ನೀರಿನ ಚೆಂಬಿಗೆ ಕೈ ಚಾಚಿದರೆ ಕೈ ಚೆಂಬನ್ನು ದಾಟಿ ಆಚೆ ಹೋಯಿತು. ಎಡಗೈ ಚಾಚಿದೆ. ಅದೂ ದಾಟಿತು.

ಫೋನು ಕಿಟಕಿಯ ದಂಡೆಯ ಮೇಲಿತ್ತು. ತೆವಳಿಕೊಂಡು ಹೋಗಿ ಅದನ್ನು ಕೆಳಗೆ ಬೀಳಿಸಿಕೊಂಡೆ. ಅಷ್ಟೇನೋ ಆಯಿತು. ಮೊದಲು ಹಸಿರು ಬಟನ್, ಆಮೇಲೆ ಹೆಸರುಗಳ ಪಟ್ಟಿ, ಅದರಲ್ಲಿ ಗುಲಾಬಿ, ಅವಳ ಹೆಸರಿನ ಪಕ್ಕ ಇನ್ನೊಂದು ಸಣ್ಣ ಗುರುತು. ಮಾಡಬೇಕಾದದ್ದು ಇಷ್ಟು. ಆ ಹಸಿರು ಬಟನ್ ಒಂದು ಗೇರುಬೀಜದಷ್ಟೂ ಇರಲಿಲ್ಲ. ನಾನು ಅದಕ್ಕೆ ಗುರಿ ಇಟ್ಟರೆ ಬೆರಳು ಪಕ್ಕದ ಕ್ಯಾಮೆರಾಕ್ಕೆ, ಅದೂ ಸೆಲ್ಫಿಯದ್ದಕ್ಕೆ, ಬೀಳುತ್ತಿತ್ತು. ಆ ಫೋಟೊಗಳು ಈಗಲೂ ಫೋನಿನಲ್ಲಿವೆ. ನಮ್ಮ ಮನೆಯ ಹಂಚಿನ ಮಾಡು, ಮೂವತ್ತೊಂದು ಸಲ. ಒಂದರಲ್ಲಿ ನನ್ನ ಅರ್ಧ ಮುಖ ಇದೆ. ಅದನ್ನು ನಾನು ತೆರೆದು ನೋಡುವುದಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಗುಲಾಬಿ ಬಂದಳು.

"ಹ್ವಾಯ್, ಹಗಲ್ ಹೊತ್ತಂಗೇ ಕುಡ್ಕಂಡ್ ಮನಿಕಂಡ್ರ್ಯಾ?"

"ಗುಲಾಬಿ, ನೆಲ ನಿಲ್ಲುದಿಲ್ಲೆ," ಎಂದೆ.

ಅವಳು ಬಗ್ಗಿ ನನ್ನ ಬಾಯಿ ಮೂಸಿದಳು. ಆಮೇಲೆ ರಸ್ತೆಗೆ ಓಡಿದಳು.

ಕುಂದಾಪುರದ ಆಸ್ಪತ್ರೆಯಲ್ಲಿ ತಲೆಯ ಫೋಟೊ ತೆಗೆಯುವ ಕೋಣೆಯ ಹೊರಗೆ ತುಂಬ ಹೊತ್ತು ಕಾದೆವು. ಚಕ್ರದ ಮಂಚದ ಮೇಲೆ ಮಲಗಿದವನಿಗೆ ಕಾಣುವುದು ಎರಡೇ. ಮೇಲೆ ಟ್ಯೂಬ್‌ಲೈಟು, ಪಕ್ಕದಲ್ಲಿ ಜನರ ಸೊಂಟ. ಕೆರಾಡಿಯಿಂದ ಬಂದ ಒಬ್ಬ ಹೆಂಗಸು, ಅವಳ ಗಂಡನ ಸರದಿ ನಮಗಿಂತ ಮುಂಚೆ ಇತ್ತು, ನನ್ನನ್ನು ಒಮ್ಮೆ ನೋಡಿ, "ನೀವ್ ಮೊದ್ಲ್ ಹೋಯ್ನಿ. ಇವ್ರಿಗ್ ಕಾಲಿನ್ ಫೋಟೊ ಮಾತ್ರ," ಎಂದಳು. ಅವಳ ಹೆಸರು ಕೇಳಲಿಲ್ಲ. ಕೇಳಬೇಕಿತ್ತು.

ಡಾಕ್ಟರು ಫೋಟೊ ನೋಡಿ ಬಂದರು. ತಲೆಯ ಹಿಂಭಾಗದಲ್ಲಿ ಸಣ್ಣ ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿದೆ ಎಂದರು. ತಮ್ಮ ಬೆರಳನ್ನು ನನ್ನ ಮುಂದೆ ಹಿಡಿದು, "ಇದನ್ನು ಮುಟ್ಟಿ, ಆಮೇಲೆ ನಿಮ್ಮ ಮೂಗು ಮುಟ್ಟಿ," ಎಂದರು. ನಾನು ಅವರ ಬೆರಳಿಗೇ ಗುರಿ ಇಟ್ಟೆ. ಕೈ ಹೋಗಿ ಅವರ ಕನ್ನಡಕಕ್ಕೆ ಬಡಿಯಿತು.

"ತಮಾಷೆ ಮಾಡಬೇಡಿ," ಎಂದರು ಡಾಕ್ಟರು.

ಪಕ್ಕದಲ್ಲಿದ್ದ ನರ್ಸು ನಕ್ಕಳು. ನಾನೂ ನಕ್ಕೆ, ಬೇಕೆಂದೇ ಮಾಡಿದವನ ಹಾಗೆ. ಗುಲಾಬಿ ನಗಲಿಲ್ಲ. ನಾನು ತಮಾಷೆ ಮಾಡುವಾಗ ಹೇಗಿರುತ್ತೇನೆ ಎನ್ನುವುದು ಅವಳಿಗೆ ಗೊತ್ತು.

"ಎಷ್ಟು ಹೊತ್ತಿಗೆ ಶುರುವಾಯ್ತು?" ಡಾಕ್ಟರು ಅವಳನ್ನು ಕೇಳಿದರು.

"ನಾ ಮಾರ್ಕೆಟ್ಟಿಗೆ ಹೋಪತಿಗೆ ಸಮಾ ಇದ್ರ್. ಬಪ್ಪತಿಗೆ ಹೀಂಗೆ."

"ಬೇಗ ಬಂದಿದ್ದರೆ ಕಟ್ಟಿದ್ದನ್ನು ಕರಗಿಸುವ ಮದ್ದು ಕೊಡಬಹುದಿತ್ತು. ಈಗ ಆ ಹೊತ್ತು ದಾಟಿದೆ. ಫೋನ್ ಮಾಡಲಿಕ್ಕೆ ಆಗ್ತಿರಲಿಲ್ವಾ?"

ಗುಲಾಬಿ ನನ್ನ ಫೋನು ತೆರೆದು ಮಾಡಿನ ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದಳು.

ಮನೆಗೆ ಕಳಿಸುವ ದಿನ ಅವರು ಇನ್ನೊಂದು ಮಾತು ಹೇಳಿದರು. ಇದು ಮತ್ತೆ ಬರಬಹುದು. ಬಂದರೆ ಒಂದೊಂದು ನಿಮಿಷವೂ ಮುಖ್ಯ. ಒಬ್ಬರನ್ನೇ ಬಿಡಬೇಡಿ.

ಒಬ್ಬರನ್ನೇ ಬಿಡಬೇಡಿ ಎಂದರೆ ಗುಲಾಬಿ ಮಾರ್ಕೆಟ್ಟಿಗೆ ಹೋಗುವ ಹಾಗಿಲ್ಲ ಎಂದರ್ಥ. ಮನೆಯಲ್ಲಿ ಇರುವುದು ನಾವಿಬ್ಬರೇ. ಬೈಂದೂರು ಮಾರ್ಕೆಟ್ಟಿನಲ್ಲಿ ಬಾಗಿಲಿನ ಎಡಕ್ಕೆ ಎರಡನೆಯದು ಅವಳ ಜಾಗ. ಮೊದಲು ಅವಳ ತಾಯಿ ಕೂರುತ್ತಿದ್ದ ಜಾಗ ಅದು. ಯಾವ ಕಾಗದದಲ್ಲೂ ಅದು ಅವಳದ್ದೆಂದು ಬರೆದಿಲ್ಲ. ದಿನಾ ಕೂರುತ್ತಾಳೆ, ಆದ್ದರಿಂದ ಅವಳದ್ದು. ಮಳೆಗಾಲದ ಎರಡು ತಿಂಗಳು ಬೋಟು ಕಡಲಿಗಿಳಿಯುವಂತಿಲ್ಲ, ಆಗ ಖಾಲಿ ಬಿದ್ದರೆ ಯಾರೂ ಕೇಳುವುದಿಲ್ಲ. ಬೋಟು ಇಳಿದ ಮೇಲೂ ಖಾಲಿ ಇದ್ದರೆ ಬೇರೆ ಹೆಂಗಸು ಬುಟ್ಟಿ ಇಡುತ್ತಾಳೆ. ಆಮೇಲೆ ಹೋಗಿ ಜಗಳ ಮಾಡುವುದು ಮರ್ಯಾದೆ ಅಲ್ಲ.

"ಜಾಗ ಹೋದ್ರ್ ಹೋಯ್ಲಿ," ಎಂದಳು ಗುಲಾಬಿ. "ನಿಮ್ಮನ್ ಬಿಟ್ಟಿಕಿ ಹೋಯಿ, ಬಂದ್ ಹೆಣ ಕಾಂಬುದಾ?"

"ನಂಗೆಂತ ಆತಿಲ್ಲೆ."

"ಆಯ್ತಲೆ, ಕಂಡಿದೆ. ಮೂವತ್ತೊಂದ್ ಫೋಟೊ ತೆಗ್ದಿರಿ."

ಹಾಗೆ ಅವಳು ಮನೆಯಲ್ಲೇ ಉಳಿದಳು. ಮೀನಿಲ್ಲದೆ ಅವಳ ಕೈ ಒಣಗಿ ಬಿರಿಯತೊಡಗಿತು. ನಾನು ಎದ್ದರೆ ಅವಳೂ ಏಳುತ್ತಿದ್ದಳು. ಬೆಳಿಗ್ಗೆ ರಸ್ತೆಯಲ್ಲಿ ಮೀನಿನ ಟೆಂಪೊ ಹಾರ್ನ್ ಹಾಕಿದರೆ, ಕುಚ್ಚಲಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತಿದ್ದಳು. ಕೇಳಿ ಮತ್ತೆ ಅಕ್ಕಿ ಆರಿಸುತ್ತಿದ್ದಳು. ಎರಡು ವಾರ ಇದನ್ನು ನೋಡಿದೆ. ಕಾಯಿಲೆಯನ್ನಾದರೂ ತಡೆದುಕೊಂಡೇನು, ಇದನ್ನು ತಡೆದುಕೊಳ್ಳಲು ಆಗಲಿಲ್ಲ.

"ಬೋಟ್ ಇಳು ಹೊತ್ತಿಗ್ ನಾನೇ ನನ್ ಕೈಯಂಗೆ ನಿಂಗ್ ಫೋನ್ ಮಾಡ್ರೆ ಹೋತ್ಯಾ?" ಎಂದು ಕೇಳಿದೆ.

ಅವಳು ಅಕ್ಕಿಯಿಂದ ತಲೆ ಎತ್ತಲಿಲ್ಲ. "ಒಂದ್ ನಿಮಿಷದೊಳ್ಗೆ ಮಾಡಿ ತೋರ್ಸಿ. ಮತ್ ಕಾಂಬ."

ಗುಲಾಬಿಯ ತಮ್ಮ ಚಂದ್ರನಿಗೆ ಸುದ್ದಿ ಮುಟ್ಟಿತು. ಅವನೂ ಬೋಟಿನವನೇ. ಮರುದಿನ ಒಂದು ಹೊಸ ಫೋನು ಹಿಡಿದುಕೊಂಡು ಬಂದ. ನಮ್ಮ ಮನೆಯ ಹಪ್ಪಳ ಅದಕ್ಕಿಂತ ಸಣ್ಣದು.

"ಭಾವ, ಕಾಣಿ. ಇದ್ರಿಂದ ದೊಡ್ಡ್ ಫೋನ್ ಬೈಂದೂರಂಗೆ ಇಲ್ಲೆ. ಇನ್ ತಪ್ಪೂದ್ ಹ್ಯಾಂಗೆ?"

ಕಡಲಿನವರು ಮಾತ್ರ ಮಾಡುವ ತಪ್ಪು ಇದು. ಅಲೆ ಜೋರಾದರೆ ದೊಡ್ಡ ಬೋಟು ತಾನೇ ಒಳ್ಳೆಯದು. ಆದರೆ ಫೋನು ದೊಡ್ಡದಾಯಿತೇ ಹೊರತು ಹಸಿರು ಬಟನ್ ಅದೇ ಗೇರುಬೀಜ. ಮೊದಲು ಒಂದು ಬೆರಳಿನಷ್ಟು ದೂರ ಹೋಗಬೇಕಾಗಿದ್ದ ಕೈ ಈಗ ಅಂಗೈಯಷ್ಟು ದೂರ ಹೋಗಬೇಕು. ದೂರ ಹೆಚ್ಚಿದಷ್ಟೂ ನನ್ನ ಕೈ ಹೆಚ್ಚು ಹಾರುತ್ತಿತ್ತು. ಮೊದಲ ದಿನ ನಾಲ್ಕು ನಿಮಿಷ ಹೋರಾಡಿದೆ. ಕರೆ ಹೋಯಿತು, ಆದರೆ ಯಾರದೋ ಗ್ಯಾರೇಜಿಗೆ. ಅವನ ಹತ್ತಿರ ಬೋಟಿನ ಇಂಜಿನ್ ಮಾರಾಟಕ್ಕಿದೆ ಎಂದು ಹೇಳಿ ಇಟ್ಟೆ. ತಪ್ಪಿ ಹೋದ ಕರೆಯನ್ನು ಸುಮ್ಮನೆ ದಂಡ ಮಾಡಬಾರದು.

ವಾರಕ್ಕೆರಡು ಸಲ ಕುಂದಾಪುರಕ್ಕೆ ಕೈಕಾಲಿನ ವ್ಯಾಯಾಮಕ್ಕೆ ಹೋಗುತ್ತಿದ್ದೆ. ಅಲ್ಲಿ ಕಲಿಸುವವಳು ಬಾರ್ಕೂರಿನ ಸುಮತಿ. ಮಗಳಾಗಬಹುದಾದ ಪ್ರಾಯದವಳು, ಮಾತು ಮಾತ್ರ ನನ್ನ ಅಜ್ಜಿಯದ್ದು. ಅವಳು ಮೇಜಿನ ಮೇಲೆ ದೊಡ್ಡ ಕಾಗದ ಹಾಸಿ ವೃತ್ತಗಳನ್ನು ಬರೆದಿದ್ದಳು. ಒಂದು ಇಡ್ಲಿಯಷ್ಟು, ಒಂದು ನಿಂಬೆಹಣ್ಣಿನಷ್ಟು, ಒಂದು ಹುಣಿಸೆಬೀಜದಷ್ಟು. ಕೆಲವು ಹತ್ತಿರ, ಕೆಲವು ದೂರ. ಅವಳು ಹೇಳಿದ್ದನ್ನು ಬೆರಳಿನಿಂದ ಮುಟ್ಟಬೇಕು.

ಹತ್ತಿರದ ಇಡ್ಲಿ ಒಂದೇ ಸಲಕ್ಕೆ ಸಿಕ್ಕಿತು. ದೂರದ ಇಡ್ಲಿಗೆ ಸ್ವಲ್ಪ ಹೊತ್ತು ಹಿಡಿಯಿತು. ದೂರದ ಹುಣಿಸೆಬೀಜ ಸಿಗಲೇ ಇಲ್ಲ. ಬೆರಳು ಅದರ ಸುತ್ತ ನೊಣದ ಹಾಗೆ ತಿರುಗಿ ತಿರುಗಿ ಮೇಜಿನಿಂದ ಕೆಳಗೆ ಜಾರಿತು. ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಅಜ್ಜ, ಸಾಕ್," ಎಂದಳು ಸುಮತಿ.

"ಇನ್ನೊಂದ್ ಸಲ."

"ಹನ್ನೊಂದ್ ಸಲ ಆಯ್ತ್. ಅದ್ ಸಿಕ್ರೆ ನಿಮ್ಗ್ ಎಂತ ಸಿಕ್ಕತ್?"

ಆಗ ಅವಳಿಗೆ ಗುಲಾಬಿಯ ವಿಷಯ ಹೇಳಿದೆ. ಮಾರ್ಕೆಟ್ಟಿನ ಜಾಗ, ಒಂದು ನಿಮಿಷ, ಹಸಿರು ಬಟನ್, ಎಲ್ಲ. ಹೇಳುತ್ತ ನಡುವೆ ಕೆಮ್ಮು ಬಂದವನ ಹಾಗೆ ನಟಿಸಿದೆ. ಅವಳು ಕಾಗದವನ್ನು ಸುತ್ತಿ ಪಕ್ಕಕ್ಕಿಟ್ಟಳು.

"ಹುಣ್ಸೆಬೀಜ ಮುಟ್ಟುಕ್ ಕಲಿಯೂಕೆ ನಿಮ್ಗ್ ಒಂದ್ ವರ್ಷ ಬೇಕ್. ಬೀಜವನ್ನೇ ಇಡ್ಲಿ ಮಾಡ್ರೆ ಎಂತ ಆತ್?"

ಅವಳು ನನ್ನ ಫೋನ್ ತೆಗೆದುಕೊಂಡು ಮೊದಲ ಪರದೆಯ ಮೇಲಿದ್ದ ಎಲ್ಲವನ್ನೂ ಅಳಿಸಿದಳು. ಗುಲಾಬಿಯ ಫೋಟೊ ಒಂದನ್ನು ಕೆಳಗಿನ ಬಲಮೂಲೆಯಲ್ಲಿ ದೊಡ್ಡದಾಗಿ ಇಟ್ಟಳು. ಅದನ್ನು ಮುಟ್ಟಿದರೆ ಸಾಕು, ಕರೆ ಹೋಗುತ್ತದೆ. ಮೇಲಿನ ಎಡಮೂಲೆಯಲ್ಲಿ ಚಂದ್ರನ ಫೋಟೊ.

ಮೂಲೆ ಯಾಕೆ ಎಂದು ಅವಳು ಹೇಳುವ ಮೊದಲೇ ನನಗೆ ಹೊಳೆಯಿತು. ನಾನು ತಂಡೇಲ ಮಾರಾಯರೆ. ಬೋಟು ಅಲೆಯಲ್ಲಿ ಮೇಲೆ ಕೆಳಗೆ ಹೋಗುವಾಗ ಜಿಪಿಎಸ್ಸಿನ ಸಣ್ಣ ಬಟನ್ನನ್ನು ಯಾವ ತಂಡೇಲನೂ ಗಾಳಿಯಲ್ಲಿ ಬೆರಳು ಹಿಡಿದು ಒತ್ತುವುದಿಲ್ಲ. ಮೊದಲು ಕಿರುಬೆರಳನ್ನು ಪೆಟ್ಟಿಗೆಯ ಅಂಚಿಗೆ ಊರುತ್ತೇವೆ. ಕೈ ನಿಂತ ಮೇಲೆ ಹೆಬ್ಬೆರಳು ತಾನಾಗಿ ಬಟನ್ನಿಗೆ ಬರುತ್ತದೆ. ನಲವತ್ತು ವರ್ಷ ಇದನ್ನೇ ಮಾಡಿದವನು ಮನೆಗೆ ಬಂದು ಮರೆತಿದ್ದೆ. ಈಗ ಕಡಲು ನನ್ನ ಕೈಯೊಳಗೇ ಇದೆ, ಅಷ್ಟೇ ವ್ಯತ್ಯಾಸ.

ಚಂದ್ರ ಹಳೆಯ ಬೋಟಿನ ಹಲಗೆಯ ತುಂಡಿನಿಂದ ಫೋನಿಗೊಂದು ಚೌಕಟ್ಟು ಮಾಡಿದ. ಎತ್ತರದ ಅಂಚು ಇರುವ ಸಣ್ಣ ಹರಿವಾಣದ ಹಾಗಿತ್ತು. ಅದನ್ನು ಜಗಲಿಯಲ್ಲಿ ನಾನು ಕೂರುವಲ್ಲಿ, ಕೈಗೆ ಹತ್ತಿರ, ಗೋಡೆಗೆ ಬಡಿದ. ಕೈಯನ್ನು ಅಂಚಿಗೆ ತಾಗಿಸಿ ಕೆಳಕ್ಕೆ ಜಾರಿಸಿದರೆ ಮೂಲೆಗೆ ಬಡಿದು ನಿಲ್ಲಲೇಬೇಕು. ಅಲ್ಲಿ ಗುಲಾಬಿ ಇರುತ್ತಾಳೆ. ಹಾರಿ ಹೋಗಲು ಕೈಗೆ ಜಾಗವೇ ಇಲ್ಲ.

ಬೋಟು ಇಳಿಯುವ ಹಿಂದಿನ ದಿನ ಪರೀಕ್ಷೆ. ಗುಲಾಬಿ ತನ್ನ ಫೋನನ್ನೂ ನನ್ನ ಹಳೆಯ ಕೈಗಡಿಯಾರವನ್ನೂ ಹಿಡಿದುಕೊಂಡು ಅಂಗಳದಲ್ಲಿ ನಿಂತಳು. ನಾನು ಜಗಲಿಯ ಆ ತುದಿಯಲ್ಲಿ ನೆಲದ ಮೇಲೆ ಮಲಗಬೇಕು. ಬಿದ್ದವನು ಕೂತಲ್ಲೇ ಬೀಳುತ್ತಾನೆಯೇ ಎಂದು ಅವಳ ವಾದ.

"ಹೂಂ, ಮಾಡಿ," ಎಂದಳು.

ತೆವಳಿದೆ. ಗೋಡೆ ಹಿಡಿದು ಮಂಡಿಯ ಮೇಲೆ ಎದ್ದೆ. ಮೊದಲ ಸಲ ಕೈ ಚೌಕಟ್ಟಿನ ಹೊರಗೆ ಗೋಡೆಗೆ ಬಡಿಯಿತು. ಎರಡನೆಯ ಸಲವೂ. ಮೂರನೆಯ ಸಲ ಅಂಚು ಸಿಕ್ಕಿತು. ಜಾರಿಸಿದೆ. ಅವಳ ಕೈಯಲ್ಲಿ ಫೋನ್ ಹಾಡಿತು.

ಗುಲಾಬಿ ಕೈಗಡಿಯಾರ ನೋಡಿದಳು. "ಐವತ್ತೆರಡ್ ಸೆಕೆಂಡ್," ಎಂದಳು. ಬುಟ್ಟಿ ತೊಳೆಯಲು ಬಾವಿಕಟ್ಟೆಗೆ ಹೋದಳು.

ಅವಳು ಹೋಗತೊಡಗಿ ಒಂಬತ್ತನೆಯ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತು. ತಪ್ಪು ನನ್ನದೇ. ಚೌಕಟ್ಟಿನಲ್ಲೇ ಇರಬೇಕಾದ ಫೋನನ್ನು ಹೊರಗೆ ತೆಗೆದು, ಒಳಕೋಣೆಯ ನೆಲದ ಮೇಲೆ ಮಲಗಿ ವಿಡಿಯೊ ನೋಡುತ್ತಿದ್ದೆ. ವಿಡಿಯೊ ಮುಚ್ಚಿ ಮೂತ್ರಕ್ಕೆಂದು ಎದ್ದೆ. ನೆಲ ವಾಲಿತು. ಬಿದ್ದೆ. ನನಗೆ ಗೊತ್ತಿದ್ದ ಅದೇ ವಾಲುವಿಕೆ.

ಫೋನು ಒಂದು ಮೊಳ ದೂರದಲ್ಲಿ ಟೈಲ್ಸಿನ ಮೇಲಿತ್ತು. ಪರದೆಯಲ್ಲಿ ಗುಲಾಬಿ ಕಾಣುತ್ತಿದ್ದಳು. ಕೈ ಚಾಚಿದೆ. ಕೈ ಅದನ್ನು ಹೊಡೆಯಿತು, ಫೋನು ಜಾರಿ ಒಂದೂವರೆ ಮೊಳ ದೂರ ಹೋಯಿತು. ಇನ್ನೊಮ್ಮೆ ಚಾಚಿದೆ. ಎರಡು ಮೊಳ. ಇಲ್ಲಿ ಚೌಕಟ್ಟಿಲ್ಲ, ಅಂಚಿಲ್ಲ, ತಡೆಯುವಂಥದ್ದು ಏನೂ ಇಲ್ಲ. ನಾನು ಮುಟ್ಟಲು ನೋಡಿದಷ್ಟೂ ಅವಳು ದೂರ ಹೋಗುತ್ತಿದ್ದಳು. ಹೆದರಿದ್ದೆನೇ ಎಂದು ಕೇಳಿದರೆ, ಕಡಲಿನಲ್ಲಿ ಎಂದೂ ಹಾಗೆ ಹೆದರಿರಲಿಲ್ಲ. ಅಲ್ಲಿ ಸತ್ತರೆ ನಾಲ್ಕು ಜನರ ನಡುವೆ ಸಾಯುತ್ತಿದ್ದೆ.

ಕೈ ಬೇಡ ಎಂದು ಎರಡನ್ನೂ ಎದೆಯ ಕೆಳಗೆ ಹಾಕಿಕೊಂಡೆ. ಮೊಣಕೈ ಊರಿ ತೆವಳಿ, ಗದ್ದದಿಂದ ಫೋನನ್ನು ದೂಡಿದೆ. ದೂಡುತ್ತ ದೂಡುತ್ತ ಗೋಡೆಯ ಮೂಲೆಗೆ ತಂದೆ. ಅಲ್ಲಿ ಅದಕ್ಕೆ ಜಾರಲು ಜಾಗ ಇರಲಿಲ್ಲ. ಗದ್ದವನ್ನು ನೆಲಕ್ಕೆ ಊರಿದಾಗ ತಲೆ ನಿಂತಿತು. ತಲೆ ನಿಂತ ಮೇಲೆ ಮೂಗಿಗೂ ಗುಲಾಬಿಗೂ ನಡುವೆ ಒಂದು ಬೆರಳಿನಷ್ಟೂ ದೂರ ಇರಲಿಲ್ಲ. ಅಷ್ಟು ಹತ್ತಿರದ್ದನ್ನು, ಅಷ್ಟು ದೊಡ್ಡದನ್ನು, ನನ್ನಂಥ ಮೂಗಿನವನು ತಪ್ಪಿಸುವುದು ಸಾಧ್ಯವೇ ಇಲ್ಲ. ಒತ್ತಿದೆ.

ರಿಂಗಾಯಿತು. ಆಗುತ್ತಲೇ ಇತ್ತು. ಅವಳು ಎತ್ತಲಿಲ್ಲ. ನಿಂತಿತು.

ಇನ್ನೊಮ್ಮೆ ಒತ್ತಿದೆ. ಆಗಲೂ ಎತ್ತಲಿಲ್ಲ.

ಮೂರನೆಯದಕ್ಕೆ ತಲೆ ಎತ್ತಲು ಆಗಲಿಲ್ಲ. ವಾಂತಿ ಬಂತು. ಎರಡು ತಿಂಗಳು ನನ್ನ ಕೈಯ ಬಗ್ಗೆ ಮೂರು ಜನ ತಲೆ ಕೆಡಿಸಿಕೊಂಡೆವಲ್ಲ, ಅವಳು ಆ ಕಡೆಯಿಂದ ಎತ್ತಬೇಕು ಎನ್ನುವುದನ್ನು ಒಬ್ಬರೂ ಯೋಚಿಸಿರಲಿಲ್ಲ. ಕೆನ್ನೆಯನ್ನು ತಣ್ಣಗಿನ ನೆಲಕ್ಕೆ ಒತ್ತಿ ಮಲಗಿದೆ. ಎಷ್ಟು ಹೊತ್ತೋ.

ಅಂಗಳದಲ್ಲಿ ರಿಕ್ಷಾ ನಿಂತ ಸದ್ದಾಯಿತು. ಗುಲಾಬಿ ಒಳಗೆ ಬಂದಳು, ಹಿಂದೆ ರಿಕ್ಷಾದವನು. ಅವಳ ಮೊಣಕೈವರೆಗೆ ಮೀನಿನ ಪರೆ.

ರಿಕ್ಷಾದಲ್ಲಿ ಅವಳ ತೊಡೆಯ ಮೇಲೆ ತಲೆ ಇಟ್ಟು ಕೇಳಿದೆ. "ಎಂತಕ್ ಎತ್ಲಿಲ್ಲೆ?"

"ಎತ್ತುದ್ ಹ್ಯಾಂಗೆ? ಕೈ ತುಂಬ ಬಂಗ್ಡಿ ಮೀನಿನ ಲೋಳಿ. ಫೋನಿಗ್ ಎರಡ್ ಪ್ಲಾಸ್ಟಿಕ್ ಕವರ್. ಎಷ್ಟ್ ಎಳ್ದ್ರೂ ಆ ಗುಂಡಿ ಸರಿಲೇ ಇಲ್ಲೆ."

ಮಾರ್ಕೆಟ್ಟಿನ ಹೆಂಗಸರೆಲ್ಲ ಫೋನು ಇಡುವುದು ಹಾಗೆಯೇ. ಮಂಜುಗಡ್ಡೆಯ ನೀರು ಸೋಕದಿರಲೆಂದು ಪ್ಲಾಸ್ಟಿಕ್ ಕವರು, ಅದಕ್ಕೊಂದು ರಬ್ಬರ್ ಬ್ಯಾಂಡು.

"ಮತ್ ಹ್ಯಾಂಗ್ ಗೊತ್ತಾಯ್ತ್?"

"ಎರಡ್ ಮಿಸ್ ಕಾಲ್ ಕೊಟ್ರಿ ಅಲ್ದಾ? ಬೋಟ್ ದಡಕ್ ಬಂತ್, ಬೇಗ ಬಾ ಅಂತೇಳಿ."

ನಾನು ದುಡಿಯುವಾಗ ನಮ್ಮ ಬೋಟಿನವರ ರೂಢಿ ಅದು. ದಡ ಹತ್ತಿರವಾಗಿ ಫೋನಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ಮನೆಯ ಹೆಂಗಸರಿಗೆ ಎರಡು ಮಿಸ್ ಕಾಲ್. ಅವರು ಬುಟ್ಟಿ ಹಿಡಿದು ಬಂದರಿಗೆ ಬರುತ್ತಿದ್ದರು. ಅದನ್ನು ಯೋಚಿಸಿಯೇ ಎರಡು ಸಲ ಮಾಡಿದ್ದೆ ಎಂದು ಅವಳಿಗೆ ಹೇಳಿದೆ. ಅವಳು ನನ್ನ ಮೂಗು ಒರೆಸಿ, "ಹೌದೌದ್, ಬಾಯ್ ಮುಚ್ಕಣಿ," ಎಂದಳು.

ಮತ್ತೆ ಅದೇ ಕೋಣೆಯ ಹೊರಗೆ ಕಾದೆವು. ಈ ಸಲ ಗುಲಾಬಿ ನನ್ನ ಕೈಯನ್ನು ತನ್ನ ಎರಡೂ ಕೈಯ ನಡುವೆ ಹಿಡಿದಿದ್ದಳು. ಮೀನಿನ ವಾಸನೆಗೆ ಪಕ್ಕದವರು ಸರಿದು ಕೂತರು. ನನಗೆ ಅದಕ್ಕಿಂತ ಒಳ್ಳೆಯ ವಾಸನೆ ಬೇಕಿರಲಿಲ್ಲ.

ಡಾಕ್ಟರು ಬಂದು ಮಿದುಳಿಗೆ ಹೊಸ ಪೆಟ್ಟೇನೂ ಆಗಿಲ್ಲ ಎಂದರು. ಬಿಪಿ ತೀರ ಇಳಿದಿತ್ತು. ಬೆಳಿಗ್ಗೆ ಬಿಪಿಯ ಮಾತ್ರೆ ಕೈಯಿಂದ ಬಿತ್ತೆಂದು ಇನ್ನೊಂದು ನುಂಗಿದ್ದೆ. ಬಿದ್ದದ್ದು ಮಾತ್ರೆಯ ಹೊರಗಿನ ಕಾಗದವಂತೆ.

"ಆದರೆ ಸರಿಯಾದ ಹೊತ್ತಿಗೆ ಬಂದಿರಿ," ಎಂದರು. "ಹೊಸ ಪೆಟ್ಟೇ ಆಗಿದ್ದರೂ ಈ ಸಲ ಮದ್ದು ಕೊಡಬಹುದಿತ್ತು. ಫೋನ್ ಮಾಡಿದ್ದು ಯಾರು?"

ನಾನು ಮೂಗು ತೋರಿಸಿದೆ. ಅವರು ನಂಬಲಿಲ್ಲ.

ಮನೆಗೆ ಬಂದ ದಿನ ಗುಲಾಬಿ ಏನು ಹೇಳುತ್ತಾಳೋ ಎಂದು ಕಾದು ಕೂತಿದ್ದೆ. ಇನ್ನು ಹೋಗುವುದಿಲ್ಲ ಎಂದರೆ ಅವಳ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ಅವಳು ತನ್ನ ಫೋನಿನ ಕವರು ಎರಡನ್ನೂ ಬಿಚ್ಚಿ ಒಲೆಗೆ ಹಾಕಿದಳು. ಫೋನಿಗೆ ಒಂದು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಳು.

"ನಾಳೆ ಹೋತ್ಯಾ?" ಎಂದು ಕೇಳಿದೆ.

"ಹೋಗ್ದೆ? ಒಂದ್ ಬುಟ್ಟಿ ಬಂಗ್ಡಿ ಹಾಂಗೇ ಬಿಟ್ಟಿಕಿ ಬಂದಿದೆ. ನೀವ್ ಮಾತ್ರ ಫೋನ್ ಹೊರ್ಗ್ ತೆಗ್ದ್ರೆ ಕಾಣಿ."

ಹೋದಳು. ಈಗಲೂ ಹೋಗುತ್ತಾಳೆ.

ಈಗ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಮೂಗು ನಿಜ. ಮೂವತ್ತೊಂದು ಫೋಟೊ ನಿಜ. ಗ್ಯಾರೇಜಿನವನು ಇವತ್ತಿಗೂ ಇಂಜಿನ್‌ಗಾಗಿ ಫೋನ್ ಮಾಡುವುದೂ ನಿಜ. ಇದರಲ್ಲಿ ಸುಳ್ಳು ಒಂದೇ, ಐವತ್ತೆರಡು ಸೆಕೆಂಡ್. ಜಗಲಿಯಿಂದ ಒಳಗಿನ ಗೋಡೆ ಗಡಿಯಾರ ಕಾಣುತ್ತದೆ. ಹನ್ನೆರಡರಲ್ಲಿ ಹೊರಟ ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಮುಗಿಸಿ ನಾಲ್ಕರ ಅಂಕಿಗೆ ಬಂದಾಗ ಅವಳ ಫೋನ್ ಹಾಡಿದ್ದು. ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಆ ಸುಳ್ಳು ಕಟ್ಟಿದವನು ನಾನಲ್ಲ. ಕೈಗಡಿಯಾರ ಹಿಡಿದಿದ್ದವಳು ಕಟ್ಟಿದಳು. ನಾನು ಕಂಡದ್ದು ಅವಳಿಗೆ ಗೊತ್ತಿಲ್ಲ. ಅವಳಿಗೆ ಯಾರೂ ಇದನ್ನು ಓದಿ ಹೇಳಬೇಡಿ.

ದಿನಾ ಬೆಳಿಗ್ಗೆ ಅವಳು ಹೋದ ಮೇಲೆ ಜಗಲಿಯ ಆ ತುದಿಯಲ್ಲಿ ಮಲಗಿ ಅಭ್ಯಾಸ ಮಾಡುತ್ತೇನೆ. ಕರೆ ಹೋಗುವುದು ಚಂದ್ರನಿಗೆ, ಬೈಗುಳವೂ ಅವನದ್ದೇ. ಇವತ್ತು ಐವತ್ತೊಂಬತ್ತು ಸೆಕೆಂಡ್, ಗೋಡೆ ಗಡಿಯಾರದಲ್ಲಿ. ಅವಳು ಹೇಳಿದ್ದು ನಿಜವಾಗಲು ಇನ್ನು ಏಳು ಸೆಕೆಂಡ್ ಸಾಕು.